ಕೊಪ್ಪರಿಗೆ ಯಾವ ಮದುವೆಗೆ ಹೋಗಿದೆ?

ನಮ್ಮ ಬೇಲಿಯ ಆಚೆಗೆ ಶಾಮಿಯಾನದಣ್ಣನ ಮನೆ. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಆದರೆ ತಿಪಟೂರಿನ ನಮ್ಮ ಬೀದಿಗೆಲ್ಲ ಅವರು ಶಾಮಿಯಾನದಣ್ಣ, ಅವರ ಹೆಂಡತಿ ಪಾತ್ರೆ ಅಕ್ಕ. ಹಿತ್ತಲಲ್ಲಿ ತಗಡಿನ ಶೆಡ್ಡು. ಅದರ ತುಂಬ ಮದುವೆಗಳಿಗೆ ಬಾಡಿಗೆಗೆ ಕೊಡೋ ಪಾತ್ರೆ, ಒಂದರೊಳಗೊಂದು ಕೂತ ಕೊಪ್ಪರಿಗೆಗಳು, ಕಡಾಯಿಗಳು, ಕಟ್ಟು ಕಟ್ಟಿದ ಸೌಟುಗಳು, ಗೋಣಿಚೀಲದಲ್ಲಿ ಲೋಟಗಳು. ಬೆಳಗಿನ ಜಾವ ಟೆಂಪೋದಿಂದ ಪಾತ್ರೆ ಇಳಿಸುವ ಸದ್ದೇ ನಮ್ಮ ಮನೆಗೆ ಅಲಾರಾಂ. ಆ ಸದ್ದು ನಾಲ್ಕು ದಿನ ಕೇಳಲಿಲ್ಲ ಅಂದರೆ 'ಓ, ಆಷಾಢ ಬಂತು' ಅಂತ ತಿಳ್ಕೋಬೇಕು. ಧನುರ್ಮಾಸದಲ್ಲೂ ಹಾಗೇ, ಶೆಡ್ಡು ಸೊಲ್ಲೆತ್ತದೆ ಮಲಗಿರುತ್ತೆ.

ಮೊನ್ನೆ ಬಟ್ಟೆ ಒಣಹಾಕೋಕೆ ಹೋಗಿದ್ದೆ. ಅಕ್ಕ ಬೇಲಿ ಹತ್ರ ಬಂದು, "ನಮ್ಮ ಹುಡುಗಿ ಕಂಪ್ಯೂಟರಲ್ಲಿ ರಂಗೋಲಿ ಬಿಡ್ತಾ ಕೂತವ್ಳೆ, ಬನ್ನಿ ತೋರಿಸ್ತೀನಿ" ಅಂದರು. ಹೋಗಿ ನೋಡಿದರೆ ರಂಗೋಲಿಯೇ! ಪರದೆ ಮೇಲೆ ದುಂಡು ದುಂಡು ಬಿಲ್ಲೆಗಳು, ಬಿಲ್ಲೆಯಿಂದ ಬಿಲ್ಲೆಗೆ ಚುಕ್ಕಿ ಚುಕ್ಕಿಯ ಗೆರೆ. ಒಂದು ಬಿಲ್ಲೆಯಲ್ಲಿ ಗೂಗಲ್ ಕ್ಯಾಲೆಂಡರ್, ಮುಂದಿನದರಲ್ಲಿ ಗೂಗಲ್ ಶೀಟ್ಸ್, ಆಮೇಲಿನದರಲ್ಲಿ ಟೆಲಿಗ್ರಾಂ. ಕ್ಯಾಲೆಂಡರಲ್ಲಿ ಒಂದು ಮದುವೆ ಬರೆದರೆ ಶೀಟಿನಲ್ಲಿ ಪಾತ್ರೆ ಲೆಕ್ಕ ತಾನೇ ಏರಿಕೊಳ್ಳುತ್ತೆ, ಕಮ್ಮಿ ಬಿದ್ದರೆ ಅಪ್ಪನ ಫೋನಿಗೆ ಸುದ್ದಿ ಹೋಗುತ್ತೆ. ಒಂದು ಸಾಲು ಕೋಡ್ ಬರೆಯೋ ಹಾಗಿಲ್ಲ.

ಅವಳು ಹಿಡಿದಿದ್ದು ಮೇಕ್ ಅನ್ನೋ ಸಲಕರಣೆ. ಪ್ರಾಗ್ ಊರಲ್ಲಿ ಹುಟ್ಟಿದ್ದು, ಮೊದಲು ಇಂಟಿಗ್ರೊಮ್ಯಾಟ್ ಅಂತಿದ್ದದ್ದು 2022ರಲ್ಲಿ ಹೆಸರು ಬದಲಿಸಿಕೊಂಡಿತು. ಈ ಬಗೆಯವು ಈಗ ಬೇಕಾದಷ್ಟಿವೆ ಬಿಡಿ. ಅಮೆರಿಕದ ಮಿಸೌರಿಯಲ್ಲಿ 2011ರಲ್ಲಿ ಮೂವರು ಸೇರಿ ಶುರುಮಾಡಿದ ಝೇಪಿಯರ್ ಇದೆ, ನಮ್ಮ ಪಕ್ಕದ ಚೆನ್ನೈಯವರ ಜೋಹೊ ಫ್ಲೋ ಇದೆ, ಬರ್ಲಿನ್‌ನವರ ಎನ್‌ಎಯ್ಟ್‌ಎನ್ ಇದೆ. ಈ ಕಡೇದರ ಹೆಸರು ನನಗೆ ಬಹಳ ಹಿಡಿಸಿತು. ನೋಡ್‌ಮೇಷನ್ ಅನ್ನೋ ಪದವನ್ನು ಇಂಗ್ಲಿಷಲ್ಲಿ ಬರೆದು, ಮೊದಲ ಅಕ್ಷರ ಕಡೇ ಅಕ್ಷರ ಉಳಿಸಿಕೊಂಡು, ನಡುವೆ ಇದ್ದ ಎಂಟನ್ನು ಎಣಿಸಿ ಅಲ್ಲೊಂದು 8 ಕೂರಿಸಿದ್ದಾರೆ. ನಮ್ಮ ಸ್ಕೂಲಲ್ಲಿ ಉದ್ದ ಹೆಸರಿನ ಮೇಷ್ಟ್ರನ್ನೆಲ್ಲ ಇನಿಷಿಯಲ್ಲಿಗೆ ಇಳಿಸಿ ಕರೀತಿರಲಿಲ್ವಾ, ಹಾಗೇ.

ಅಲ್ಲಾ, ಇಷ್ಟಕ್ಕೂ ಇದು ಯಾಕೆ ಬೇಕಾಯ್ತು ಅಂದರೆ, ಅಣ್ಣನ ಲೆಕ್ಕ ಗೋಡೆ ಮೇಲೆ, ಅಕ್ಕನ ಲೆಕ್ಕ ಶೆಡ್ಡಿನಲ್ಲಿ. ಗೋಡೆ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. 1921ರಿಂದ ಬರ್ತಿರೋದು ಅದು, ನಮ್ಮ ಕಡೆ ಅದಿಲ್ಲದ ಗೋಡೆ ಇದೆಯಾ? ಗಿರಾಕಿ ಬಂದು ಮುಂಗಡ ಕೊಟ್ಟರೆ ಅಣ್ಣ ಆ ತಾರೀಕಿನ ಚೌಕದಲ್ಲಿ ಪೆನ್ಸಿಲ್ಲಿನಿಂದ ಊರ ಹೆಸರು ಗೀಚ್ತಾರೆ. ಶೆಡ್ಡಿನ ಬಾಗಿಲಿಗೆ ದಾರ ಕಟ್ಟಿ ತೂಗುಹಾಕಿದ ನೋಟುಬುಕ್ಕಿನಲ್ಲಿ ಅಕ್ಕ ಪಾತ್ರೆ ಬರ್ಕೋತಾರೆ. ಎರಡರ ನಡುವೆ ಇದ್ದ ದಾರಿ ಅಂದರೆ ಅಣ್ಣನ ಗಂಟಲು. "ಲೇ, ಹದಿನಾಲ್ಕಕ್ಕೆ ಒಂದು ಒಪ್ಕೊಂಡಿವ್ನಿ ಕಣೇ" ಅಂತ ಜಗಲಿಯಿಂದಲೇ ಕೂಗೋದು. ಅಡುಗೆಮನೆಯಲ್ಲಿ ಮಿಕ್ಸಿ ತಿರುಗ್ತಿದ್ದರೆ ಮುಗೀತು, ಆ ಮದುವೆ ಗೋಡೆ ಮೇಲಿರುತ್ತೆ, ನೋಟುಬುಕ್ಕಿನಲ್ಲಿ ಇರಲ್ಲ.

ಅದೂ ಎಲ್ಲರಿಗೂ ಪಾತ್ರೆ ಬೇಕಾಗೋದು ಒಂದೇ ದಿನ! ಆಷಾಢ ಬಿಡಿ, ಧನುರ್ಮಾಸ ಬಿಡಿ, ಗುರು ಶುಕ್ರರ ಅಸ್ತ ಬಿಡಿ, ಅಧಿಕಮಾಸ ಬಿಡಿ. 2024ರ ಮೇ ತಿಂಗಳಲ್ಲಿ ಗುರು ಶುಕ್ರ ಇಬ್ಬರೂ ಅಸ್ತವಾಗಿ ಕೂತಿದ್ದು ನೆನಪಿದೆಯಾ? ಆ ತಿಂಗಳು ಪೂರ್ತಿ ಕೈಕಟ್ಟಿ ಕೂತಿದ್ದರು ಈ ಕಸುಬಿನವರು. 2026ರ ಪಂಚಾಂಗ ತೆಗೆದು ನೋಡಿ, ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಹೀಗೆ ಸೋಸಿ ಸೋಸಿ ಉಳಿಯೋ ದಿನಗಳ ಮೇಲೆ ಊರಿಗೂರೇ ಬೀಳುತ್ತೆ. ಕಲ್ಯಾಣಮಂಟಪದಲ್ಲಾದರೆ ಅವರದ್ದೇ ಪಾತ್ರೆ ಇರುತ್ತೆ, ಹಳ್ಳಿಯಲ್ಲಿ ಮನೆ ಮುಂದೆ ಚಪ್ಪರ ಹಾಕಿ ಮಾಡೋರಿಗೆ ಅಕ್ಕನ ಶೆಡ್ಡೇ ಗತಿ.

ಪಾತ್ರೆ ಬರದೇ ಇದ್ದರೆ ಏನಾಗುತ್ತೆ ಅಂತ ನಾನು ಕಣ್ಣಾರೆ ಕಂಡಿದ್ದೀನಿ. ನಮ್ಮ ದೊಡ್ಡಕ್ಕನ ಮದುವೆ. ನಾನಾಗ ಆರನೇ ಕ್ಲಾಸು. ಹಿಂದಿನ ದಿನ ಸಂಜೆ ಬರಬೇಕಾಗಿದ್ದ ದೊಡ್ಡ ಕೊಪ್ಪರಿಗೆ ಬರಲಿಲ್ಲ. ಬೇರೆ ಯಾವುದೋ ಊರಿನ ಮದುವೆಗೆ ಹೋಗಿಬಿಟ್ಟಿತ್ತು, ಅಂಗಡಿಯವರು ಎರಡು ಕಡೆ ಒಪ್ಪಿಕೊಂಡಿದ್ದರು. ಅಪ್ಪ ಮಾತಾಡದೆ ಚಪ್ಪರದ ಕಂಬ ಹಿಡ್ಕೊಂಡು ನಿಂತಿದ್ದು ಈಗಲೂ ಕಣ್ಣ ಮುಂದಿದೆ. ನಮ್ಮಜ್ಜಿ ಮಾತ್ರ ಸೆರಗು ಸಿಕ್ಕಿಸಿ ಎದ್ದರು. ಕೇರಿಯಲ್ಲಿ ಯಾರ ಮನೆಯಲ್ಲಿ ಏನಿದೆ ಅನ್ನೋದು ಅವರಿಗೆ ಬಾಯಿಪಾಠ. ಮೇಲಿನ ಮನೆಯಿಂದ ಎರಡು ಹಿತ್ತಾಳೆ ಪಾತ್ರೆ, ಗೌಡರ ಮನೆಯಿಂದ ಬೆಲ್ಲದ ಪಾಕ ಕಾಯಿಸೋ ಕಡಾಯಿ, ದೇವಸ್ಥಾನದ ಉಗ್ರಾಣದಿಂದ ಒಂದು. ನಾವು ಮಕ್ಕಳೆಲ್ಲ ಹುಣಸೆಹಣ್ಣು, ಬೂದಿ ಹಿಡಿದು ರಾತ್ರಿ ಹನ್ನೊಂದರವರೆಗೆ ಉಜ್ಜಿದ್ದೇ ಉಜ್ಜಿದ್ದು. ಬೆಳಿಗ್ಗೆ ಪಾಯಸ ನಾಲ್ಕು ಪಾತ್ರೆಯಲ್ಲಿ ಆಯ್ತು, ನಾಲ್ಕರದ್ದೂ ನಾಲ್ಕು ರುಚಿ. ಬೀಗರು ಯಾವುದು ಚೆನ್ನಾಗಿದೆ ಅಂತ ಜಗಳಾಡಿಕೊಂಡು ಉಂಡರು. ಅಪ್ಪ ಮಾತ್ರ ಆ ದಿನ ಪಾಯಸ ಮುಟ್ಟಲಿಲ್ಲ.

ಹಾಗಾಗಿ ಈ ಹುಡುಗಿ ಮಾಡ್ತಿರೋದನ್ನ ನಾನು ಸುಮ್ಮನೆ ನೋಡಿ ಬರೋಕಾಗಲಿಲ್ಲ, ಪಕ್ಕದಲ್ಲೇ ಕುರ್ಚಿ ಎಳ್ಕೊಂಡು ಕೂತೆ. ಬೆಂಗಳೂರಲ್ಲಿ ಕೆಲಸ ಅವಳಿಗೆ, ಶನಿವಾರ ರೈಲಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗ್ತಾಳೆ. ಬಿಲ್ಲೆಗಳನ್ನು ಜೋಡಿಸೋಕೆ ಅವಳಿಗೆ ಹಿಡಿದಿದ್ದು ಒಂದು ಮಧ್ಯಾಹ್ನ. ಅಮ್ಮನಿಂದ ಲೆಕ್ಕ ಹೊರಡಿಸೋಕೆ ಮೂರು ಭಾನುವಾರ!

ಮೊದಲು ಅವಳು ಸುಲಭದ ದಾರಿ ಹಿಡಿದಿದ್ದಳು. ಕ್ಯಾಲೆಂಡರಲ್ಲಿ 'ಮದುವೆ 600' ಅಂತ ಬರೆದರೆ 600 ಲೋಟ ಕಳೀಬೇಕು. ಅಕ್ಕ ಅದನ್ನು ನೋಡಿ, "ಆರ್ನೂರು ಜನಾನೂ ಒಟ್ಟಿಗೆ ಕೂತು ಉಣ್ತಾರೇನೇ?" ಅಂದರು. ಪಂತಿಗೆ ನೂರೈವತ್ತು ಜನ. ಒಂದು ಪಂತಿ ಕುಡೀತಿರುವಾಗ ಹಿಂದಿನ ಪಂತಿಯ ಲೋಟ ತೊಳೀತಿರ್ತಾರೆ. ಹಾಗಾಗಿ ಮುನ್ನೂರು, ಮೇಲೊಂದಿಷ್ಟು ಕಳೆದುಹೋಗೋಕೆ. ಎಲೆ ಊಟವಾದರೆ ತಟ್ಟೆ ಸೊನ್ನೆ. ಕೊಪ್ಪರಿಗೆ ಜನಕ್ಕಲ್ಲ, ಅಡುಗೆಗೆ. ಅನ್ನಕ್ಕೊಂದು, ಸಾರಿಗೊಂದು, ಹುಳಿಗೊಂದು, ಪಾಯಸ ಇದ್ದರೆ ಇನ್ನೊಂದು. ಲಾಡು ಮಾಡಿಸೋರಾದರೆ ದೊಡ್ಡ ಕಡಾಯಿ, ಬೂಂದಿ ಜಾಲರಿ ಎರಡು ದಿನ ಮುಂಚೆನೇ ಹೊರಡ್ತವೆ, ಮಿಕ್ಕಿದ್ದು ಹಿಂದಿನ ದಿನ. ಅಂದರೆ ಒಂದೇ ಮದುವೆಯಲ್ಲಿ ಒಂದೊಂದು ಪಾತ್ರೆಗೂ ಒಂದೊಂದು ಕ್ಯಾಲೆಂಡರ್, ಅಲ್ವಾ?

ಹುಡುಗಿ ಪೆನ್ನು ಕಚ್ಚಿಕೊಂಡು ಎಲ್ಲ ಬರ್ಕೊಂಡಳು. ಶೀಟಿನಲ್ಲಿ ಪ್ರತಿ ಪಾತ್ರೆಯ ಮುಂದೆ 'ಎಷ್ಟು ದಿನ ಮುಂಚೆ', 'ಎಷ್ಟು ದಿನ ಆಮೇಲೆ' ಅಂತ ಎರಡು ಕಾಲಂ ಎಳೆದಳು.

ಆಮೇಲೆ ಬಂತು ನೋಡಿ ಬೀಗರೂಟ. ನಮ್ಮ ಕಡೆ ಮದುವೆಯಾಗಿ ಮೂರ್ನಾಲ್ಕು ದಿನಕ್ಕೆ ಬೀಗರೂಟ ಅಂದರೆ ಏನು ಬೇಯುತ್ತೆ ಅಂತ ನಿಮಗೆ ಗೊತ್ತೇ ಇದೆ. ಶೀಟು ಪಾಪ ಗುರುವಾರದ ಗೃಹಪ್ರವೇಶದ ಸತ್ಯನಾರಾಯಣ ಪೂಜೆಗೂ, ಭಾನುವಾರದ ಬೀಗರೂಟಕ್ಕೂ ಅದೇ ಕೊಪ್ಪರಿಗೆ ಬರೆದಿತ್ತು. ಅಕ್ಕ ಕೆನ್ನೆಗೆ ಕೈಯಿಟ್ಟುಕೊಂಡರು. ಶೆಡ್ಡಿನಲ್ಲಿ ಎಡಗಡೆ ಇರೋದು ಬೇರೆ, ಬಲಗಡೆ ಇರೋದು ಬೇರೆ. ಮಾಂಸದ ಪಾತ್ರೆಯ ಹಿಡಿಗೆ ಕೆಂಪು ಬಣ್ಣ ಬಳಿದಿರುತ್ತೆ. ಮೂವತ್ತು ವರ್ಷದಿಂದ ಒಂದು ದಿನ ಅದಲು ಬದಲಾಗಿಲ್ಲ. ಅದು ಯಾವ ನೋಟುಬುಕ್ಕಿನಲ್ಲೂ ಬರೆದಿರಲಿಲ್ಲ, ಅಕ್ಕನ ತಲೆಯಲ್ಲಿ ಇತ್ತು ಅಷ್ಟೇ. ನನಗೆ ಆಗ ಅನ್ನಿಸಿದ್ದು ಇದು. ಈ ಬಿಲ್ಲೆಗಳು ಒಂದು ಕಡೆಯ ಮಾತನ್ನು ಇನ್ನೊಂದು ಕಡೆಗೆ ಹೊತ್ತುಕೊಂಡು ಹೋಗೋ ಆಳುಗಳು. ಆ ಮಾತೇನು ಅಂತ ಹೇಳೋಕೆ ಅಕ್ಕನೇ ಬೇಕು. ಮಗಳು ಅಮ್ಮನ ಪಕ್ಕ ಕೂತು 'ಯಾಕಮ್ಮ? ಹಂಗ್ಯಾಕೆ?' ಅಂತ ಕೇಳದೆ ಹೋಗಿದ್ದರೆ ಇಷ್ಟು ಲೆಕ್ಕ ಆ ಮನೆಯಲ್ಲಿದೆ ಅಂತ ಯಾರಿಗೆ ತಿಳೀತಿತ್ತು ಹೇಳಿ? ಅಣ್ಣನಿಗೇ ಗೊತ್ತಿರಲಿಲ್ಲ. "ನಾನು ಇವಳು ಸುಮ್ನೆ ಕೊಡ್ತಾಳೆ ಅನ್ಕೊಂಡಿದ್ದೆ" ಅಂದರು, ಬಹಳ ಮೆಲ್ಲಗೆ.

ಇನ್ನು ತಾರೀಕಿನ ಕಥೆ ಕೇಳಿ, ಇದು ನನಗೆ ತುಂಬಾ ಇಷ್ಟವಾದದ್ದು. ಕ್ಯಾಲೆಂಡರಲ್ಲಿ 14ನೇ ತಾರೀಕು ಪೂರ್ತಿ ದಿನ ಅಂತ ಬರೆದರೆ, ಶೀಟಿಗೆ ಬಂದು ಬೀಳೋದು 'ಶುರು 14, ಮುಕ್ತಾಯ 15'. ಹುಡುಗಿ ತಪ್ಪಾಗಿದೆ ಅಂದ್ಕೊಂಡು ಅರ್ಧ ದಿನ ಹುಡುಕಿದಳು. ತಪ್ಪೇನಿಲ್ಲ. ಕ್ಯಾಲೆಂಡರುಗಳು ತಮ್ಮತಮ್ಮಲ್ಲಿ ಮಾತಾಡೋಕೆ ಐಕ್ಯಾಲೆಂಡರ್ ಅಂತ ಒಂದು ಒಪ್ಪಂದ ಇದೆ, 1998ರಲ್ಲಿ ಬರೆದದ್ದು, 2009ರಲ್ಲಿ ತಿದ್ದಿದ್ದು. ಅದರಲ್ಲಿ ಮುಕ್ತಾಯ ಅಂತ ಬರೆಯೋ ದಿನ ಲೆಕ್ಕಕ್ಕೆ ಸೇರೋದಿಲ್ಲ. ಅದು ಕೈಬಿಟ್ಟ ದಿನ.

ಗಂಟೆ ಸೈಕಲ್ ನೆನಪಿದೆಯಾ? ನಾವು ಚಿಕ್ಕವರಿದ್ದಾಗ ಸೈಕಲ್ ಶಾಪಿನಲ್ಲಿ ನಾಲ್ಕರಿಂದ ಐದು ಅಂತ ಬರೆಸಿ ತಗೊಂಡರೆ, ಐದು ಗಂಟೆ ನಮ್ಮದಲ್ಲ. ಐದಕ್ಕೆ ಇನ್ನೊಬ್ಬ ಚಡ್ಡಿ ಏರಿಸಿಕೊಂಡು ಅಂಗಡಿ ಮುಂದೆ ನಿಂತಿರ್ತಿದ್ದ. ನಾವು ಇಳಿದ ಬಿಸಿ ಸೀಟಿನ ಮೇಲೇ ಅವನು ಹತ್ತೋದು. ಆ ಲೆಕ್ಕವೇ ಇದು. ಅಂಗಡಿಯವರು ಆಗಲೇ ಇದನ್ನು ಅಚ್ಚುಕಟ್ಟಾಗಿ ಮಾಡ್ತಿದ್ದರು.

ಹುಡುಗಿ ಮುಕ್ತಾಯದಿಂದ ಒಂದು ದಿನ ಕಳೆಯೋಕೆ ಹೊರಟಿದ್ದಳು, ಅಕ್ಕ ಬಿಡಲಿಲ್ಲ. "ಹದಿನೈದೇ ಸರಿಯಾಗೈತೆ ಬಿಡೇ. ಪಾತ್ರೆ ವಾಪಸ್ ಬರೋದು ಹದಿನೈದಕ್ಕಲ್ವಾ? ತೊಳ್ದು, ಬೋರಲು ಹಾಕಿ, ಎಣಿಸೋ ಹೊತ್ತಿಗೆ ಸಂಜೆ ಆಯ್ತದೆ." ಎಲ್ಲೋ ದೂರದಲ್ಲಿ ಕೂತು ಬರೆದವರ ಆ ಹೆಚ್ಚಿನ ಒಂದು ದಿನ ಇಲ್ಲಿ ಅಕ್ಕನ ಪಾತ್ರೆ ತೊಳೆಯೋ ದಿನಕ್ಕೆ ಸರಿಯಾಗಿ ಕೂತುಬಿಡ್ತು!

ಮುಹೂರ್ತದ ಗಂಟೆ ಬರೆದಿದ್ದರೆ ಮಾತ್ರ ಬೇರೆ ತಮಾಷೆ. 20ನೇ ತಾರೀಕು ಬೆಳಗಿನ ಜಾವ ನಾಲ್ಕೂವರೆಯ ಧಾರೆ ಶೀಟಿನಲ್ಲಿ 19ರ ರಾತ್ರಿ ಹನ್ನೊಂದಕ್ಕೆ ಕೂತಿತ್ತು. ಸಲಕರಣೆಯಲ್ಲಿ ಕಾಲವಲಯ ಅಂತ ಒಂದು ಮನೆ ತುಂಬಿರಲಿಲ್ಲ, ಅದು ಲಂಡನ್ ಕಡೆಯ ಗಡಿಯಾರ ನೋಡ್ತಿತ್ತು. ಐದೂವರೆ ಗಂಟೆ ಹಿಂದೆ ಸರಿದು, ಒಂದು ದಿನವೇ ಹಿಂದಕ್ಕೆ. ಅಣ್ಣ ಗಾಬರಿಯಾದರು, "ರಾತ್ರಿ ಹನ್ನೊಂದಕ್ಕೆ ಯಾವ ಪುರೋಹಿತರು ಬರ್ತಾರಮ್ಮ?" ಅಂತ. ಸೆಟ್ಟಿಂಗ್ ಸರಿಮಾಡಿದ ಮೇಲೆ ಧಾರೆ ತನ್ನ ಬ್ರಾಹ್ಮೀ ಮುಹೂರ್ತಕ್ಕೆ ವಾಪಸ್ ಬಂತು.

ಇನ್ನೊಂದು ಆಯ್ತು. ಹುಡುಗಿ ಉತ್ಸಾಹದಲ್ಲಿ, ಶೀಟು ಲೆಕ್ಕ ಮುಗಿಸಿದ ಮೇಲೆ ವಾಪಸ್ ಕ್ಯಾಲೆಂಡರಿಗೆ ಹೋಗಿ 'ಪಾತ್ರೆ ಇದೆ' ಅಂತ ಒಂದು ಮಾತು ಬರೆದು ಬರೋ ಹಾಗೆ ಇನ್ನೊಂದು ಬಿಲ್ಲೆ ಸೇರಿಸಿದಳು. ಈ ಸಲಕರಣೆಯ ಪುಕ್ಕಟೆ ಯೋಜನೆ ಕಾಲುಗಂಟೆಗೊಮ್ಮೆ ಕ್ಯಾಲೆಂಡರಲ್ಲಿ ಇಣುಕುತ್ತೆ. ಇಣುಕಿದರೆ ಏನೋ ಬದಲಾಗಿದೆ! ಬದಲಾಯಿಸಿದ್ದು ತಾನೇ ಅಂತ ಅದಕ್ಕೇನು ಗೊತ್ತು? ಮತ್ತೆ ಲೆಕ್ಕ, ಮತ್ತೆ ಬರೆ, ಮತ್ತೆ ಇಣುಕು. ದಿನಕ್ಕೆ ತೊಂಬತ್ತಾರು ಸಲ. ಮದುವೆಮನೆಯಲ್ಲಿ ಇಬ್ಬರು ಬೀಗರು "ಮೊದಲು ನೀವು ಏಳಿ ಊಟಕ್ಕೆ", "ಛೆ ಛೆ, ನೀವು ಮೊದಲು" ಅಂತ ನಿಂತುಬಿಡ್ತಾರಲ್ಲ, ಸಾರು ಆರಿಹೋಗುತ್ತೆ, ಇಬ್ಬರೂ ಎದ್ದಿರಲ್ಲ. ತಿಂಗಳಿಗೆ ಕೊಟ್ಟ ಪುಕ್ಕಟೆ ಪಾಲು ಕೆಲವೇ ದಿನದಲ್ಲಿ ಕರಗಿಹೋಯ್ತು. ಈಗ ಕ್ಯಾಲೆಂಡರಿಗೆ ವಾಪಸ್ ಏನೂ ಬರೆಯೋಲ್ಲ, ಹೇಳೋದಿದ್ದರೆ ಟೆಲಿಗ್ರಾಂಗೆ ಹೇಳುತ್ತೆ.

ಮುಹೂರ್ತ ಮುಂದೆ ಹೋದಾಗ ಏನು ಮಾಡೋದು ಅನ್ನೋದೂ ಒಂದು ದೊಡ್ಡ ಮಾತೇ ಆಗಿತ್ತು. ಕ್ಯಾಲೆಂಡರಲ್ಲಿ ತಾರೀಕು ಬದಲಿಸಿದರೆ ಶೀಟಿನಲ್ಲಿ ಹೊಸ ಸಾಲು ಹುಟ್ಟಿಕೊಳ್ತಿತ್ತು, ಹಳೇದು ಹಾಗೇ ಕೂತಿರ್ತಿತ್ತು. ಒಂದೇ ಹುಡುಗನಿಗೆ ಎರಡು ಮದುವೆ! ಪ್ರತಿ ಕಾರ್ಯಕ್ರಮಕ್ಕೂ ಕ್ಯಾಲೆಂಡರ್ ಒಳಗೊಳಗೇ ಒಂದು ಗುರುತಿನ ಸಂಖ್ಯೆ ಕೊಟ್ಟಿರುತ್ತಂತೆ. ಅದನ್ನು ಶೀಟಿನ ಮೊದಲ ಕಾಲಂನಲ್ಲಿಟ್ಟು, ಅದೇ ಸಂಖ್ಯೆ ಮೊದಲೇ ಇದ್ದರೆ ಆ ಸಾಲನ್ನೇ ತಿದ್ದು ಅಂತ ಹೇಳಿಕೊಟ್ಟಳು. ನಿಂತುಹೋದ ಮದುವೆಗಳನ್ನು ಅಳಿಸಬೇಡಿ, ಹೆಸರಿನ ಮುಂದೆ 'ರದ್ದು' ಅಂತ ಸೇರಿಸಿ ಅಂತ ಅಪ್ಪನಿಗೆ ತಾಕೀತು ಮಾಡಿದ್ದಾಳೆ. ಅಳಿಸಿದರೆ ಮುಂಗಡ ಯಾರದ್ದು ವಾಪಸ್ ಕೊಡಬೇಕು ಅನ್ನೋದೂ ಅದರ ಜೊತೆ ಅಳಿಸಿಹೋಗುತ್ತಲ್ಲ.

ಆ ಮನೆಯಲ್ಲಿ ಎರಡು ಹಳೇ ಹಿತ್ತಾಳೆ ಕೊಪ್ಪರಿಗೆ ಇವೆ, ಅಕ್ಕನ ಅತ್ತೆಯವರ ಕಾಲದ್ದು. ಮಿಕ್ಕಿದ್ದೆಲ್ಲ ಅಲ್ಯೂಮಿನಿಯಂ, ಸ್ಟೀಲು. ಆಷಾಢ ಬಂತಂದರೆ ಆ ಎರಡನ್ನೂ ಕಲಾಯಿಗೆ ಕಳಿಸ್ತಾರೆ. ಹುಡುಗಿ ಅದನ್ನೂ ಒಂದು ಕಾರ್ಯಕ್ರಮ ಅಂತಲೇ ಕ್ಯಾಲೆಂಡರಲ್ಲಿ ಹಾಕಿದಳು, 'ಕಲಾಯಿ, ಹಿತ್ತಾಳೆ 2'. ಶೀಟಿಗೆ ಅದೂ ಒಂದು ಮದುವೆಯೇ. ಪಾತ್ರೆ ಮನೆಯಲ್ಲಿಲ್ಲ, ಅಷ್ಟೇ ಅದಕ್ಕೆ ಬೇಕಾಗಿರೋದು. ಮಾರೋ ಅಂಗಡಿಯ ದಾಸ್ತಾನಿಗೂ ಬಾಡಿಗೆ ಅಂಗಡಿಯ ದಾಸ್ತಾನಿಗೂ ಇರೋ ವ್ಯತ್ಯಾಸ ನನಗೆ ಅಲ್ಲಿ ಹೊಳೀತು. ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಹೋದರೆ ಹೋಯ್ತು, ಎಷ್ಟು ಉಳೀತು ಅಂತ ಕೇಳಿದರೆ ಸಾಕು. ಇಲ್ಲಿ ಹೋಗಿದ್ದು ಬರುತ್ತೆ. 'ಎಷ್ಟಿದೆ' ಅಂತ ಕೇಳಿದರೆ ಉತ್ತರ ಇಲ್ಲ, 'ಯಾವತ್ತು ಎಷ್ಟಿದೆ' ಅಂತ ಕೇಳಬೇಕು. ಅದಕ್ಕೇ ಗೋಡೆಯನ್ನೂ ಶೆಡ್ಡನ್ನೂ ಒಟ್ಟಿಗೆ ಕಟ್ಟದೆ ಈ ಕಸುಬಿಗೆ ಬಿಡುಗಡೆಯೇ ಇಲ್ಲ.

ನನಗೆ ಒಂದು ಅಳುಕಿತ್ತು, ಹುಡುಗಿಗೆ ಹೇಳಿಯೂ ಹೇಳಿದೆ. "ನೀನು ಬೆಂಗಳೂರಲ್ಲಿರ್ತೀಯ, ಇಲ್ಲಿ ಅಪ್ಪ ಏನೋ ಒತ್ತಿ ಕೊಟ್ಟ ಅನುಮತಿ ತೆಗೆದುಬಿಟ್ಟರೆ ಈ ಚುಕ್ಕಿ ಗೆರೆ ತುಂಡಾಗಲ್ವಾ?" ಆಗುತ್ತಂತೆ. ಅನುಮತಿ ಕಡಿದುಹೋದರೆ ಬಿಲ್ಲೆಗಳು ಸುಮ್ಮನೆ ಕೂತುಬಿಡ್ತವೆ, ಪಾತ್ರೆ ಕಡಿಮೆ ಇದ್ದರೂ ಫೋನ್ ಸದ್ದು ಮಾಡಲ್ಲ. ಸುದ್ದಿ ಬಂದಿಲ್ಲ ಅಂದರೆ ಎಲ್ಲ ಚೆನ್ನಾಗಿದೆ ಅಂತ ಅಣ್ಣ ಅಂದ್ಕೊಳ್ಳೋ ಅಪಾಯ. ಅದಕ್ಕವಳು ದಿನಾ ಬೆಳಿಗ್ಗೆ ಆರಕ್ಕೆ, ಕೆಲಸ ಇರಲಿ ಬಿಡಲಿ, 'ಇವತ್ತು ಹೊರಗೆ ಇಷ್ಟು, ಒಳಗೆ ಇಷ್ಟು' ಅಂತ ಒಂದು ಸಂದೇಶ ಬರೋ ಹಾಗೆ ಮಾಡಿದ್ದಾಳೆ. ಆರಕ್ಕೆ ಅದು ಬರಲಿಲ್ಲವೋ, ಅಣ್ಣ ಮಗಳಿಗೆ ಫೋನ್ ಮಾಡ್ತಾರೆ. ಗೋಡೆ ಮೇಲಿನ ಪೆನ್ಸಿಲ್ಲೂ ನಿಂತಿಲ್ಲ, ನಿಲ್ಲಬಾರದು ಅಂತಲೇ ನನ್ನ ಅಭಿಪ್ರಾಯ.

ಒಂದೇ ಒಂದು ಲೆಕ್ಕ ಇನ್ನೂ ಬಗೆಹರಿದಿಲ್ಲ, ಲೋಟದ್ದು. ಮುನ್ನೂರು ಹೋದರೆ ಮುನ್ನೂರು ಬರ್ತವೆ, ಸಂಖ್ಯೆ ಸರಿ. ಆದರೆ ಬುಡ ತಿರುಗಿಸಿ ನೋಡಿದರೆ ಹತ್ತರಲ್ಲಿ ಒಂದಕ್ಕೆ ಬೇರೆಯವರ ಹೆಸರು. ಗುಬ್ಬಿಯವರದ್ದು, ಅರಸೀಕೆರೆಯವರದ್ದು, ಯಾವುದೋ ದೇವಸ್ಥಾನದ್ದು, 'ಮದುವೆಯ ನೆನಪಿಗಾಗಿ' ಅಂತ ಕೆತ್ತಿರೋ ಯಾರದ್ದೋ ಮನೆಯದ್ದು. ಅಕ್ಕನ ಲೋಟಗಳು ಅಲ್ಲೆಲ್ಲೋ ಯಾರದ್ದೋ ಅಡುಗೆಮನೆಯಲ್ಲಿ ಕಾಫಿ ಕುಡಿಸ್ತಾ ಇರಬೇಕು. ಹುಡುಗಿ ಶೀಟಿನಲ್ಲಿ 'ಬೇರೆಯವರ ಲೋಟ' ಅಂತ ಒಂದು ಕಾಲಂ ತೆರೆದಿದ್ದಾಳೆ, ಆದರೆ ಅದನ್ನು ತುಂಬೋಕೆ ಯಾವ ಬಿಲ್ಲೆಯೂ ಇಲ್ಲ, ಒಂದೊಂದನ್ನೇ ತಿರುಗಿಸಿ ನೋಡಬೇಕು.

ನಿನ್ನೆ ಸಂಜೆಯೂ ಅದೇ ನಡೀತಿತ್ತು. ಅಕ್ಕ ಶೆಡ್ಡಿನ ಮುಂದೆ ಕಾಲು ಚಾಚಿ ಕೂತು ಚೀಲ ಸುರಿದುಕೊಂಡಿದ್ದರು. ಮೊದಲ ಲೋಟ ಎತ್ತಿ 'ಲಾಭ' ಅಂದರು, ಒಂದು ಅನ್ನೋ ಪದ ಆ ಬಾಯಲ್ಲಿ ಬರೋದೇ ಇಲ್ಲ, ರಾಗಿ ಅಳೆಯುವಾಗ ಅವರಮ್ಮ ಹೇಳ್ತಿದ್ದ ಹಾಗೆ. ಆಮೇಲೆ ಎರಡು, ಮೂರು. ಮಗಳು ಪಕ್ಕದಲ್ಲಿ ಫೋನ್ ಹಿಡಿದು ತುಂಬಿಸ್ತಿದ್ದಳು. ನಾನು ಬೇಲಿ ಮೇಲಿಂದ ನಮ್ಮನೆಯಲ್ಲಿದ್ದ ಒಂದು ಲೋಟ ಚಾಚಿದೆ. ಹೋದ ಯುಗಾದಿಗೆ ಅಕ್ಕ ಒಬ್ಬಟ್ಟಿನ ಸಾರು ಹಾಕಿ ಕೊಟ್ಟಿದ್ದ ಲೋಟ ಅದು. ಬುಡ ತಿರುಗಿಸಿ ನೋಡಿದರು. "ಅಯ್ಯೋ, ಇದು ನಮ್ದಲ್ಲ, ಅರಸೀಕೆರೆಯೋರದು" ಅಂದರು. ಅಂದವರೇ ಅದನ್ನೂ ಇಸ್ಕೊಂಡು ಬೇರೆ ಗುಡ್ಡೆಗೆ ಹಾಕಿದರು.